ತುತ್ತು ಹೋಗುವ ದಾರಿ

(ನಮ್ಮ ಜೀರ್ಣಾಂಗಗಳ ರಚನೆ ಮತ್ತು ಕೆಲಸ: ಒಂದು ಪಾಠ)

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನಾವು. ನಮ್ಮಲ್ಲಿ ಒಬ್ಬರು ಆಫೀಸಿನ ಗುಮಾಸ್ತರು, ಒಬ್ಬರು ಹೋಟೆಲಿನ ಮಾಣಿ, ಇನ್ನೊಬ್ಬರು ಕಟ್ಟಡದ ಕೆಲಸದವರು, ಮತ್ತೊಬ್ಬರು ರಾತ್ರಿ ಪಾಳಿಯ ಕಾವಲುಗಾರರು. ಆದರೆ ಯಾವ ಹೊಟ್ಟೆಯ ಸಲುವಾಗಿ ಇಷ್ಟೆಲ್ಲ ದುಡಿಯುತ್ತೇವೋ ಅದರೊಳಗೆ ಏನೇನಿದೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಹೊಳೆಯುವುದಿಲ್ಲ. ಎದೆ ಉರಿದರೆ "ಗ್ಯಾಸು", ಹೊಕ್ಕುಳ ಹತ್ತಿರ ನೊಂದರೆ "ಗ್ಯಾಸು", ಬೆನ್ನು ಹಿಡಿದುಕೊಂಡರೂ "ಗ್ಯಾಸು"! ಔಷಧದ ಅಂಗಡಿಯವನಿಗೆ ಆ ಒಂದು ಮಾತು ಹೇಳಿ, ಅವನು ಕೊಟ್ಟ ಮಾತ್ರೆ ನುಂಗಿ, ಕೆಲಸಕ್ಕೆ ಓಡುತ್ತೇವೆ.

ಊರಿನಲ್ಲಾದರೆ ನಮ್ಮ ಮುಖ ಬಾಡಿದ್ದನ್ನು ಕಂಡು ವಿಚಾರಿಸುವ ಹಿರಿಯರು ಇರುತ್ತಾರೆ. ಇಲ್ಲಿ ಒಂದು ಖೋಲಿಯಲ್ಲಿ ನಾಲ್ಕೈದು ಮಂದಿ ಇದ್ದರೂ ಅವರವರ ಪಾಳಿ ಅವರವರಿಗೆ. ಹೀಗಿರುವಾಗ ಹೊಟ್ಟೆಯ ವಿಷಯದಲ್ಲಿ ಯಾವುದು ಸಾಮಾನ್ಯ, ಯಾವುದು ಅಪಾಯ ಎಂಬುದನ್ನು ನಾವೇ ಅರಿತಿರುವುದು ಅಗತ್ಯ. ಆ ತಿಳಿವಳಿಕೆಗೆ ಮೊದಲ ಮೆಟ್ಟಿಲು ಅಂಗಗಳ ಪರಿಚಯ. ಆದ್ದರಿಂದ ಈ ಪಾಠದಲ್ಲಿ ಒಂದು ತುತ್ತಿನ ಬೆನ್ನು ಹಿಡಿದು ಅದು ಹೋದಲ್ಲೆಲ್ಲ ಹೋಗಿ ನೋಡೋಣ.

೧. ದಾರಿಯ ನಕ್ಷೆ

ಬಾಯಿಯಿಂದ ಗುದದ್ವಾರದವರೆಗೆ ನಮ್ಮ ದೇಹದಲ್ಲಿ ಒಂದೇ ಒಂದು ಕೊಳವೆ ಇದೆ. ಕೆಲವು ಕಡೆ ಅಗಲ, ಕೆಲವು ಕಡೆ ಕಿರಿದು, ಬಹುಭಾಗ ಸುರುಳಿ ಸುತ್ತಿಕೊಂಡು ಕುಳಿತದ್ದು. ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಗುದನಾಳ—ಇವು ಆ ದಾರಿಯ ನಿಲ್ದಾಣಗಳು. ಸತ್ತ ದೇಹದಲ್ಲಿ ಬಿಡಿಸಿ ಅಳೆದರೆ ಇದರ ಉದ್ದ ೨೫ ಅಡಿಗೂ ಮಿಕ್ಕುತ್ತದೆ. ಬದುಕಿರುವಾಗ ಸ್ನಾಯುಗಳು ಬಿಗಿದಿರುವುದರಿಂದ ಅಷ್ಟು ಉದ್ದವಿರುವುದಿಲ್ಲ. ಈ ದಾರಿಯ ಪಕ್ಕದಲ್ಲಿ ನಿಂತು ರಸಗಳನ್ನು ಒದಗಿಸುವ ಸಹಾಯಕ ಅಂಗಗಳೂ ಉಂಟು: ಜೊಲ್ಲಿನ ಗ್ರಂಥಿಗಳು, ಯಕೃತ್ತು, ಪಿತ್ತಕೋಶ ಮತ್ತು ಮೇದೋಜೀರಕ ಗ್ರಂಥಿ.

ಇಲ್ಲಿ ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಬಾಯಿಗೆ ಬಿದ್ದದ್ದೆಲ್ಲ ಮೈಗೆ ಸೇರಿತೆಂದು ಅರ್ಥವಲ್ಲ. ಆಫೀಸಿಗೆ ಬಂದ ಟಪಾಲು ಆವಕ ಪುಸ್ತಕಕ್ಕೆ ಏರುವವರೆಗೆ ಮೇಜಿನ ಮೇಲೆ ಬಿದ್ದಿರುವಂತೆ, ಕೊಳವೆಯೊಳಗಿನ ಅನ್ನ ಇನ್ನೂ ಮೈಗೆ ಹೊರಗಿನದೇ. ಕರುಳಿನ ಗೋಡೆ ದಾಟಿ ರಕ್ತಕ್ಕೆ ಇಳಿದಾಗ ಮಾತ್ರ ಅದು ನಮ್ಮದು. ಆದರೆ ರೊಟ್ಟಿಯ ಚೂರು ಆ ಗೋಡೆಯನ್ನು ದಾಟಲಾರದು. ಅದನ್ನು ಒಡೆದು, ಅರೆದು, ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಣುಗಳನ್ನಾಗಿ ಮಾಡಬೇಕು. ಈ ಕೆಲಸಕ್ಕೆ ಜೀರ್ಣಕ್ರಿಯೆ ಎಂದು ಹೆಸರು. ಹೀಗೆ ಒಡೆಯುವ ಕೆಲಸವನ್ನು ಚುರುಕುಗೊಳಿಸುವ ವಸ್ತುಗಳಿಗೆ ಕಿಣ್ವಗಳು ಎನ್ನುತ್ತಾರೆ. ಒಂದೊಂದು ಕಿಣ್ವಕ್ಕೆ ಒಂದೊಂದೇ ಕೆಲಸ. ಪಿಷ್ಟವನ್ನು ಒಡೆಯುವುದು ಕೊಬ್ಬನ್ನು ಮುಟ್ಟುವುದಿಲ್ಲ, ಕೊಬ್ಬನ್ನು ಒಡೆಯುವುದು ಸಸಾರಜನಕವನ್ನು ಮುಟ್ಟುವುದಿಲ್ಲ.

೨. ಬಾಯಿ

ಹಲ್ಲು ಅರೆಯುತ್ತದೆ, ನಾಲಗೆ ಹೊರಳಿಸುತ್ತದೆ, ಜೊಲ್ಲು ನೆನೆಸುತ್ತದೆ. ಕಿವಿಯ ಮುಂದೆ, ಕೆಳದವಡೆಯ ಅಡಿಯಲ್ಲಿ ಮತ್ತು ನಾಲಗೆಯ ಕೆಳಗೆ ಹೀಗೆ ಮೂರು ಜೋಡಿ ದೊಡ್ಡ ಜೊಲ್ಲಿನ ಗ್ರಂಥಿಗಳಿವೆ. ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಇವುಗಳಿಂದ ಬರುತ್ತದೆ. ಇದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯ ಕಡೆಗೆ ತಿರುಗಿಸುತ್ತದೆ. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಜೋಳದ ರೊಟ್ಟಿಯ ಒಂದು ಚೂರನ್ನು ಪಲ್ಯವಿಲ್ಲದೆ ಬಾಯಿಗಿಟ್ಟು ಎರಡು ನಿಮಿಷ ಅಗಿಯುತ್ತಿರಿ. ಬರಬರುತ್ತ ಅದು ಸಿಹಿಯಾಗುವುದು ನಿಮಗೇ ತಿಳಿಯುತ್ತದೆ.

ಇಲ್ಲಿ ನಮ್ಮ ಮೈಸೂರು, ತುಮಕೂರು, ಕೋಲಾರದ ಕಡೆಯವರು ಒಂದು ಪ್ರಶ್ನೆ ಕೇಳಬಹುದು. "ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ಹಾಗಾದರೆ ಅದು ಜೀರ್ಣವಾಗುವುದಿಲ್ಲವೆ?" ಆಗುತ್ತದೆ. ಪಿಷ್ಟವನ್ನು ಒಡೆಯುವ ಕೆಲಸದಲ್ಲಿ ಬಾಯಿಯದು ಚಿಕ್ಕ ಪಾಲು, ದೊಡ್ಡ ಪಾಲು ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ರಸದ್ದು. ಹಿಟ್ಟು ಮೊದಲೇ ನುಣ್ಣಗೆ ಬೀಸಿ ಚೆನ್ನಾಗಿ ಬೆಂದಿರುವುದರಿಂದ ಮುದ್ದೆ ಉಂಡವನಿಗೆ ನಷ್ಟವೇನಿಲ್ಲ. ಆದರೆ ಕಡಲೆ, ಶೇಂಗಾ, ಹಸಿ ತರಕಾರಿಗಳ ಮಾತು ಬೇರೆ. ಅವುಗಳ ನಾರಿನ ಗೋಡೆಯನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಹಲ್ಲು ಒಡೆಯದೆ ಬಿಟ್ಟ ಕಾಳು ಹೋದಂತೆಯೇ ಹೊರಬೀಳುತ್ತದೆ, ಅದಕ್ಕೆ ಕೊಟ್ಟ ಹಣವೂ ಅದರೊಂದಿಗೆ ಹೋದಂತೆ.

ಬಾಯಿಯ ಮಾತು ಬಂದಾಗ ಗುಟಕಾದ ಮಾತನ್ನೂ ಹೇಳಬೇಕು. ಪಾಳಿಯಲ್ಲಿ ನಿದ್ದೆ ಬಾರದಿರಲೆಂದು ದವಡೆಗೆ ಇಟ್ಟುಕೊಳ್ಳುವ ಅಡಿಕೆ ಕೆನ್ನೆಯ ಒಳಪೊರೆಯನ್ನು ಕ್ರಮೇಣ ಗಡುಸು ಮಾಡಿ ಬಾಯಿ ಅಗಲವಾಗಿ ತೆರೆಯದಂತೆ ಮಾಡುತ್ತದೆ. ಅಡಿಕೆ, ತಂಬಾಕು ಎರಡೂ ಬಾಯಿಯ ಕ್ಯಾನ್ಸರಿಗೆ ಕಾರಣಗಳು. ಬಾಯಲ್ಲಿ ಎರಡು ಮೂರು ವಾರ ಮಾಯದ ಹುಣ್ಣು, ಬಿಳಿಯ ಇಲ್ಲವೆ ಕೆಂಪು ಕಲೆ ಕಂಡರೆ ಆಸ್ಪತ್ರೆಗೆ ತೋರಿಸಬೇಕು.

೩. ಅನ್ನನಾಳ

ನುಂಗುವಾಗ ಗಂಟಲಿನಲ್ಲಿ ಎರಡು ದಾರಿಗಳು ಎದುರಾಗುತ್ತವೆ. ಮುಂದಿನದು ಉಸಿರಿನ ದಾರಿ, ಹಿಂದಿನದು ಅನ್ನದ ದಾರಿ. ತುತ್ತು ಇಳಿಯುವ ಕ್ಷಣಕ್ಕೆ ಉಸಿರಿನ ದಾರಿಗೆ ಒಂದು ಮುಚ್ಚಳ ಬೀಳುತ್ತದೆ. ಬಾಯಲ್ಲಿ ಅನ್ನವಿಟ್ಟುಕೊಂಡು ಮಾತಾಡುವಾಗ, ನಗುವಾಗ ಈ ಹೊಂದಿಕೆ ತಪ್ಪಿ ನೆತ್ತಿಗೆ ಹತ್ತುತ್ತದೆ.

ಅನ್ನನಾಳ ಸುಮಾರು ೧೦ ಅಂಗುಲ ಉದ್ದದ ಸ್ನಾಯುವಿನ ಕೊಳವೆ. ತುತ್ತು ಅದರಲ್ಲಿ ಬಾವಿಗೆ ಕಲ್ಲು ಬಿದ್ದಂತೆ ಬೀಳುವುದಿಲ್ಲ. ಹಿಂದಿನಿಂದ ಹಿಂಡುತ್ತ ಮುಂದೆ ಸಡಿಲುತ್ತ ಅಲೆಯೊಂದು ಅದನ್ನು ತಳ್ಳಿಕೊಂಡು ಹೋಗುತ್ತದೆ. ಆದ್ದರಿಂದಲೇ ಮಲಗಿ ಉಂಡರೂ ಅನ್ನ ಜಠರವನ್ನು ತಲುಪುತ್ತದೆ. ಇದೇ ಬಗೆಯ ಅಲೆ ಮುಂದೆ ಕೊಳವೆಯ ಉದ್ದಕ್ಕೂ ಕೆಲಸ ಮಾಡುತ್ತದೆ.

ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಬಿಗಿ ಉಂಗುರವಿದೆ. ತುತ್ತು ಬಂದಾಗ ತೆರೆದು ಮತ್ತೆ ಮುಚ್ಚುವುದು ಅದರ ಕೆಲಸ. ಅದು ಸಡಿಲವಾದರೆ ಜಠರದ ಆಮ್ಲ ಮೇಲಕ್ಕೆ ನುಗ್ಗಿ ಎದೆಯುರಿ, ಹುಳಿತೇಗು ಬರುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದು ಹೊಟ್ಟೆ ತುಂಬ ಉಂಡು ಒಡನೆಯೇ ಅಡ್ಡಾಗುವವರಿಗೆ ಈ ಕಾಟ ಹೆಚ್ಚು. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರವಿಟ್ಟರೆ ಒಳ್ಳೆಯದು. ಅಷ್ಟು ಸಮಯವಿಲ್ಲದವರು ಮಲಗುವ ಮುನ್ನ ಹಗುರವಾಗಿ ಉಂಡು, ಎದ್ದ ಮೇಲೆ ಪೂರ್ಣ ಊಟ ಮಾಡಬಹುದು.

೪. ಜಠರ

ನಾವು ಹೊಟ್ಟೆ ಎಂದು ಕೈಯಿಡುವುದು ಹೆಚ್ಚಾಗಿ ಹೊಕ್ಕುಳ ಮೇಲೆ. ಆದರೆ ಜಠರ ಇರುವುದು ಅದಕ್ಕಿಂತ ಮೇಲೆ, ಎಡಗಡೆಯ ಪಕ್ಕೆಲುಬಿನ ಮರೆಯಲ್ಲಿ. ಅದೊಂದು ಸ್ನಾಯುವಿನ ಚೀಲ. ಬರಿದಾದಾಗ ಮುದುಡಿರುತ್ತದೆ, ಊಟವಾದಾಗ ಒಂದು, ಒಂದೂವರೆ ಲೀಟರು ಹಿಡಿಯುವಷ್ಟು ಹಿಗ್ಗುತ್ತದೆ. ಒಳಗೋಡೆಯಿಂದ ದಿನಕ್ಕೆ ಎರಡರಿಂದ ಎರಡೂವರೆ ಲೀಟರು ಜಠರರಸ ಸುರಿಯುತ್ತದೆ. ಇದರಲ್ಲಿ ತೀಕ್ಷ್ಣವಾದ ಹೈಡ್ರೋಕ್ಲೋರಿಕ್ ಆಮ್ಲವೂ ಸಸಾರಜನಕವನ್ನು ಒಡೆಯುವ ಪೆಪ್ಸಿನ್ ಎಂಬ ಕಿಣ್ವವೂ ಇವೆ. ಅನ್ನದ ಜೊತೆ ಬಂದ ಅನೇಕ ರೋಗಾಣುಗಳು ಈ ಆಮ್ಲದಲ್ಲಿ ಸಾಯುತ್ತವೆ. ಎರಡರಿಂದ ನಾಲ್ಕು ಗಂಟೆಗಳ ಕಾಲ ಕಡೆದು ಕಡೆದು ಊಟವನ್ನು ಅಂಬಲಿಯಂತೆ ಮಾಡಿ, ಜಠರವು ಕೆಳಬಾಗಿಲಿನಿಂದ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬಿಡುತ್ತದೆ. ಜಿಡ್ಡು ಹೆಚ್ಚಿದ್ದರೆ ಇನ್ನೂ ತಡವಾಗುತ್ತದೆ. ಮಧ್ಯಾಹ್ನ ಪೂರಿ, ಭಜಿ ತಿಂದವರಿಗೆ ಸಂಜೆಯಾದರೂ ಹಸಿವಾಗದಿರುವುದು ಇದರಿಂದಲೇ. ಹೊಟ್ಟೆ ಬರಿದಾದ ಮೇಲೆ ಒಂದೂವರೆ ಎರಡು ಗಂಟೆಗೊಮ್ಮೆ ಜಠರದಿಂದ ಕರುಳಿನುದ್ದಕ್ಕೂ ಒಂದು ದೊಡ್ಡ ಅಲೆ ಹೊರಟು ಉಳಿದ ಕಸವನ್ನು ಗುಡಿಸುತ್ತದೆ. ಹಸಿದಾಗ ಕೇಳುವ "ಗುರ್‌" ಸದ್ದಿಗೆ ಈ ಗುಡಿಸುವಿಕೆಯೇ ಕಾರಣ.

ಇವೆಲ್ಲ ತಿಳಿದದ್ದು ಹೇಗೆ? ಇದರ ಆರಂಭದಲ್ಲಿ ನಮ್ಮಂತೆಯೇ ಹೊಟ್ಟೆಪಾಡಿಗೆ ದೂರ ಹೋಗಿದ್ದ ಒಬ್ಬ ಕೂಲಿಯಾಳಿನ ಕಥೆಯಿದೆ. ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬವನು ಕೆನಡಾದವನು. ಉತ್ತರ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ತುಪ್ಪಳದ ವ್ಯಾಪಾರದ ಕಂಪನಿಗೆ ದುಡಿಯುತ್ತಿದ್ದ. ೧೮೨೨ರ ಜೂನ್ ೬ರಂದು ಅಲ್ಲಿನ ಅಂಗಡಿಯಲ್ಲಿ ಯಾರದೋ ಬಂದೂಕು ಆಕಸ್ಮಿಕವಾಗಿ ಹಾರಿ ಅವನ ಎಡಪಕ್ಕೆ ಸೀಳಿತು. ಸೈನ್ಯದ ವೈದ್ಯ ವಿಲಿಯಂ ಬೋಮಂಟ್ ಅವನನ್ನು ಬದುಕಿಸಿದ. ಗಾಯ ಮಾಯಿತು, ಆದರೆ ಜಠರಕ್ಕೆ ನೇರವಾಗಿ ತೆರೆದ ಒಂದು ತೂತು ಮುಚ್ಚದೆ ಹಾಗೆಯೇ ಉಳಿಯಿತು. ಬೋಮಂಟ್ ೧೮೨೫ರಿಂದ ಮಾಂಸ, ರೊಟ್ಟಿ, ಎಲೆಕೋಸುಗಳ ತುಣುಕುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡತೊಡಗಿದ. ಜಠರರಸವನ್ನು ಹೊರತೆಗೆದು ಬೆಚ್ಚಗಿನ ಸೀಸೆಯಲ್ಲಿಟ್ಟರೂ ಅದು ಮಾಂಸವನ್ನು ಕರಗಿಸಿತು. ಜಠರ ಬರಿಯ ಅರೆಯುವ ಕಲ್ಲಲ್ಲ, ಅದರ ರಸದಲ್ಲೇ ಕರಗಿಸುವ ಗುಣವಿದೆ ಎಂದು ಇದರಿಂದ ಸಿದ್ಧವಾಯಿತು. ಅಲೆಕ್ಸಿಸ್ ಸಿಟ್ಟುಗೊಂಡಾಗ ಜೀರ್ಣಕ್ರಿಯೆ ಕೆಡುವುದನ್ನೂ ಬೋಮಂಟ್ ಕಂಡ. ಅವನ ಪುಸ್ತಕ ೧೮೩೩ರಲ್ಲಿ ಅಚ್ಚಾಗಿ ಹೆಸರು ತಂದಿತು.

ಅಲೆಕ್ಸಿಸನ ಪಾಲಿಗೆ ಬಂದದ್ದೇನು? ವೈದ್ಯನ ಮನೆಯಲ್ಲಿ ಆಳಾಗಿ ಸೌದೆ ಒಡೆಯುವ ಕೆಲಸ, ಜೊತೆಗೆ ತನ್ನ ಹೊಟ್ಟೆಯ ಮೇಲೆ ಪ್ರಯೋಗ. ೧೮೩೨ರ ಕರಾರಿನಂತೆ ಊಟ ವಸತಿಯ ಮೇಲೆ ವರ್ಷಕ್ಕೆ ೧೫೦ ಡಾಲರು ಸಂಬಳ. ಅವನು ನಡುನಡುವೆ ಊರಿಗೆ ಹೊರಟುಹೋಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಹೊಟ್ಟೆಯಲ್ಲಿ ತೂತು ಇದ್ದೂ ಮಕ್ಕಳೊಂದಿಗನಾಗಿ ಬಹುಕಾಲ ಬಾಳಿ ೧೮೮೦ರಲ್ಲಿ ತೀರಿಕೊಂಡ. ವೈದ್ಯರ ಕೈಗೆ ಹೆಣ ಸಿಗಬಾರದೆಂದು ಮನೆಯವರು ಅವನನ್ನು ತೀರ ಆಳವಾಗಿ ಹೂತರು. ಇಂದು ಮನುಷ್ಯರ ಮೇಲೆ ಪ್ರಯೋಗ ಮಾಡುವುದಕ್ಕೆ ಅವರ ತಿಳಿದ ಒಪ್ಪಿಗೆ ಬೇಕೆಂಬ ನಿಯಮವಿದೆ. ಅಂಥ ನಿಯಮವಿಲ್ಲದ ಕಾಲದ ಆ ಕೂಲಿಯಾಳಿನ ಋಣ ಜೀರ್ಣಕ್ರಿಯೆಯ ಪಾಠ ಓದುವ ಎಲ್ಲರ ಮೇಲೂ ಇದೆ.

ಮಾಂಸವನ್ನು ಕರಗಿಸುವ ರಸ ಜಠರವನ್ನೇ ಏಕೆ ಕರಗಿಸುವುದಿಲ್ಲ? ಒಳಗೋಡೆಯ ಮೇಲೆ ಕ್ಷಾರ ಬೆರೆತ ಲೋಳೆಯ ಪದರವೊಂದು ಹೊದಿಕೆಯಂತೆ ಹರಡಿದೆ, ಗೋಡೆಯ ಕಣಗಳೂ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ಈ ಕಾಪು ಹರಿದಲ್ಲಿ ಹುಣ್ಣಾಗುತ್ತದೆ. ಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂದು ಬಹುಕಾಲ ನಂಬಿದ್ದರು. ೧೯೮೨ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದ ಲೋಳೆಯಲ್ಲಿ ಬದುಕುವ ಒಂದು ಸುರುಳಿ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಜನ ನಂಬದಿದ್ದಾಗ ಮಾರ್ಷಲ್ ೧೯೮೪ರಲ್ಲಿ ಆ ಬ್ಯಾಕ್ಟೀರಿಯವನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡ! ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂದಿತು. ಈ ಸೋಂಕಿನಿಂದ ಆದ ಹುಣ್ಣು, ಪರೀಕ್ಷೆ ಮಾಡಿಸಿ ವೈದ್ಯರು ಬರೆದ ಔಷಧಿಯನ್ನು ಸುಮಾರು ಎರಡು ವಾರ ಬಿಡದೆ ತೆಗೆದುಕೊಂಡರೆ ಸಾಮಾನ್ಯವಾಗಿ ಮಾಯುತ್ತದೆ. ವರ್ಷಗಟ್ಟಲೆ ಬರಿಯ "ಗ್ಯಾಸಿನ ಮಾತ್ರೆ" ನುಂಗುತ್ತಿದ್ದರೆ ಉರಿ ತಗ್ಗೀತು, ಮೂಲ ಉಳಿದೀತು.

ಹುಣ್ಣಿಗೆ ಇನ್ನೊಂದು ಮುಖ್ಯ ಕಾರಣ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದವು ನೋವನ್ನು ಹುಟ್ಟಿಸುವ ವಸ್ತುಗಳನ್ನು ತಡೆಯುತ್ತವೆ. ಆದರೆ ಅದೇ ಕುಟುಂಬದ ವಸ್ತುಗಳೇ ಜಠರದ ಲೋಳೆಯನ್ನು ಕಾಪಾಡುವುದು. ಭಾರ ಹೊತ್ತು ಸೊಂಟ ಹಿಡಿದವರು ದಿನಾಲೂ ಒಂದೊಂದು ನುಂಗುತ್ತ ಹೋದರೆ ಗೊತ್ತಾಗದಂತೆ ಜಠರ ರಕ್ತ ಒಸರತೊಡಗುತ್ತದೆ. ಊಟದ ಮೇಲೆ ತೆಗೆದುಕೊಂಡ ಮಾತ್ರಕ್ಕೆ ಈ ಅಪಾಯ ಪೂರ್ತಿ ತಪ್ಪುವುದಿಲ್ಲ. ವೈದ್ಯರನ್ನು ಕೇಳದೆ ಇವನ್ನು ದಿನಚರಿ ಮಾಡಿಕೊಳ್ಳಬಾರದು.

೫. ಸಣ್ಣ ಕರುಳು ಮತ್ತು ಅದರ ಸಹಾಯಕರು

ಜೀರ್ಣಕ್ರಿಯೆಯ ನಿಜವಾದ ಕಾರ್ಖಾನೆ ಸಣ್ಣ ಕರುಳು. ಸತ್ತ ದೇಹದಲ್ಲಿ ಅಳೆದರೆ ಇದು ಸುಮಾರು ೨೦ ಅಡಿ. "ಸಣ್ಣ" ಎಂದದ್ದು ಅಗಲವನ್ನು ಕುರಿತೇ ಹೊರತು ಉದ್ದವನ್ನಲ್ಲ. ಇದರ ಮೊದಲ ಭಾಗ ಹನ್ನೆರಡು ಬೆರಳಗಲದಷ್ಟು ಉದ್ದವಿದ್ದುದರಿಂದ ಅದಕ್ಕೆ ಲ್ಯಾಟಿನ್ ಭಾಷೆಯ ಹನ್ನೆರಡರ ಮೇಲೆ ಡ್ಯುಯೊಡಿನಮ್ ಎಂಬ ಹೆಸರು ಬಂದಿತು. ಜಠರದಿಂದ ಬಂದ ಹುಳಿ ಅಂಬಲಿಗೆ ಎರಡು ಕಡೆಯ ರಸಗಳು ಬಂದು ಬೆರೆಯುವುದು ಇಲ್ಲಿಯೇ.

ಒಂದು, ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯ ರಸ. ಇದರಲ್ಲಿ ಆಮ್ಲವನ್ನು ತಣಿಸುವ ಕ್ಷಾರವಿದೆ, ಪಿಷ್ಟ, ಸಸಾರಜನಕ, ಕೊಬ್ಬು ಮೂರನ್ನೂ ಒಡೆಯುವ ಬೇರೆಬೇರೆ ಕಿಣ್ವಗಳಿವೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹುಟ್ಟುವುದೂ ಈ ಗ್ರಂಥಿಯಲ್ಲೇ. ಎರಡನೆಯದು ಯಕೃತ್ತಿನ ಪಿತ್ತರಸ. ಬಲಗಡೆಯ ಪಕ್ಕೆಲುಬಿನ ಕೆಳಗಿರುವ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಕದ ದೊಡ್ಡ ಅಂಗ. ಅದು ತಯಾರಿಸಿದ ಪಿತ್ತರಸ ಪಿತ್ತಕೋಶದಲ್ಲಿ ಕೂಡಿಕೊಂಡಿದ್ದು, ಜಿಡ್ಡಿನ ಊಟ ಬಂದಾಗ ಇಳಿಯುತ್ತದೆ. ಜಿಡ್ಡಿನ ಪಾತ್ರೆಗೆ ಸಾಬೂನು ಹಾಕಿದರೆ ಎಣ್ಣೆ ಹೇಗೆ ಚದುರುವುದೋ ಹಾಗೆ ಪಿತ್ತರಸವು ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಚದುರಿಸುತ್ತದೆ. ಆಮೇಲೆ ಕಿಣ್ವಕ್ಕೆ ಅದನ್ನು ಒಡೆಯುವುದು ಸುಲಭ.

ಹೀಗೆ ರೊಟ್ಟಿಯ ಪಿಷ್ಟ ಗ್ಲೂಕೋಸ್ ಸಕ್ಕರೆಯಾಗಿ, ಬೇಳೆಯ ಸಸಾರಜನಕ ಅಮೈನೋ ಆಮ್ಲಗಳಾಗಿ, ಒಗ್ಗರಣೆಯ ಎಣ್ಣೆ ಕೊಬ್ಬಿನ ಆಮ್ಲಗಳಾಗಿ ಮಾರ್ಪಡುತ್ತವೆ. ಇನ್ನು ಇವು ಗೋಡೆಯನ್ನು ದಾಟಬೇಕು. ಸಣ್ಣ ಕರುಳಿನ ಒಳಗೋಡೆ ಮಖಮಲ್ಲಿನ ಬಟ್ಟೆಯಂತೆ ಲಕ್ಷಾಂತರ ಸಣ್ಣ ಕುಚ್ಚುಗಳಿಂದ ತುಂಬಿದೆ. ಒಂದೊಂದು ಕುಚ್ಚೂ ಒಂದು ಮಿಲಿಮೀಟರಿಗಿಂತ ಹೆಚ್ಚಿಲ್ಲ. ಅದರ ಕಣಗಳ ಮೇಲೆ ಮತ್ತೆ ಇನ್ನೂ ಸೂಕ್ಷ್ಮವಾದ ರೋಮಗಳು. ಮಡಿಕೆ, ಕುಚ್ಚು, ರೋಮಗಳನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಆಟದ ಬಯಲಿನಷ್ಟಾದೀತೆಂದು ಹಳೆಯ ಪುಸ್ತಕಗಳಲ್ಲಿತ್ತು. ೨೦೧೪ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಸೂಕ್ಷ್ಮವಾಗಿ ಅಳೆದು ಅದು ಸುಮಾರು ೩೦ ಚದರ ಮೀಟರು ಎಂದು ಕಂಡರು. ಅಂದರೆ ಹತ್ತಡಿ ಅಗಲ ಹದಿನಾರಡಿ ಉದ್ದದ ಎರಡು ಖೋಲಿಗಳ ನೆಲ. ಒಬ್ಬ ಮನುಷ್ಯನ ಹೊಟ್ಟೆಯೊಳಗೆ ಇಷ್ಟು ಜಾಗ ಮಡಿಚಿಟ್ಟಿರುವುದು ಕಡಮೆಯೇನಲ್ಲ!

ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕುಚ್ಚಿನೊಳಗಿನ ರಕ್ತನಾಳಕ್ಕೆ ಇಳಿದು ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಯಕೃತ್ತು ಉಗ್ರಾಣದ ಗುಮಾಸ್ತನಂತೆ: ಕೆಲವನ್ನು ಕೂಡಿಡುತ್ತದೆ, ಕೆಲವನ್ನು ಮುಂದೆ ಕಳಿಸುತ್ತದೆ, ಹೆಂಡ ಮತ್ತು ಔಷಧಿಗಳನ್ನು ಮಾರ್ಪಡಿಸಿ ಹೊರಹಾಕಲು ಅಣಿಮಾಡುತ್ತದೆ. ದಿನವೂ ಕುಡಿಯುವವರ ಯಕೃತ್ತು ಮೊದಲು ಕೊಬ್ಬು ತುಂಬಿ, ಆಮೇಲೆ ಗಟ್ಟಿಯಾಗಿ ಕೆಡುವುದು ಈ ದುಡಿಮೆಯಿಂದಲೇ. ಕೊಬ್ಬಿನ ಬಹುಭಾಗ ಮಾತ್ರ ರಕ್ತಕ್ಕೆ ನೇರವಾಗಿ ಇಳಿಯದೆ, ಹಾಲಿನಂಥ ರಸ ಹರಿಯುವ ಬೇರೆ ನಾಳಗಳಲ್ಲಿ ಸುತ್ತಿ ಬಂದು ರಕ್ತವನ್ನು ಸೇರುತ್ತದೆ.

ಇಲ್ಲಿ ಎರಡು ಕಿವಿಮಾತು. ಊಟದ ಜೊತೆಗೇ ಚಹ ಕುಡಿದರೆ ಸೊಪ್ಪು, ಬೇಳೆಗಳಲ್ಲಿನ ಕಬ್ಬಿಣಾಂಶ ಹೀರಲ್ಪಡುವುದು ತಗ್ಗುತ್ತದೆ. ಒಂದು ಹೋಳು ನಿಂಬೆ ಹಿಂಡಿಕೊಂಡರೆ ಹೆಚ್ಚುತ್ತದೆ. ಇನ್ನು ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ದೊಡ್ಡವರಾದ ಮೇಲೆ ಅನೇಕರಲ್ಲಿ ಕಡಮೆಯಾಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮೊಸರು, ಮಜ್ಜಿಗೆಯನ್ನು ತಾಳಿಕೊಳ್ಳಬಲ್ಲರು; ಮೊಸರಿನ ಬ್ಯಾಕ್ಟೀರಿಯಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ಮುಗಿಸಿರುತ್ತವೆ.

೬. ನೀರಿನ ಜಮಾ-ಖರ್ಚು

ಗುಮಾಸ್ತರಾದ ವಾಚಕರಿಗೆ ರುಚಿಸುವ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇವೆ. ಆರೋಗ್ಯವಂತನೊಬ್ಬನ ಕರುಳಿಗೆ ಒಂದು ದಿನದಲ್ಲಿ ಬಂದು ಹೋಗುವ ನೀರಿನ ಅಂದಾಜು ಇದು.

ಜಮಾ:
ಊಟ, ಪಾನೀಯಗಳಿಂದ — ೨೦೦೦ ಮಿಲಿಲೀಟರು
ಜೊಲ್ಲು — ೧೫೦೦
ಜಠರರಸ — ೨೫೦೦
ಪಿತ್ತರಸ — ೫೦೦
ಮೇದೋಜೀರಕ ರಸ — ೧೫೦೦
ಕರುಳಿನ ರಸ — ೧೦೦೦
ಒಟ್ಟು — ೯೦೦೦

ಮೈಗೆ ವಾಪಸು:
ಸಣ್ಣ ಕರುಳಿನಿಂದ — ೭೫೦೦
ದೊಡ್ಡ ಕರುಳಿನಿಂದ — ೧೩೦೦
ಒಟ್ಟು — ೮೮೦೦

ಶಿಲ್ಕು, ಮಲದೊಂದಿಗೆ ಹೊರಗೆ — ೨೦೦

ಒಂಬತ್ತು ಲೀಟರು ಬಂದು, ಹೊರಹೋಗುವುದು ಒಂದು ಲೋಟದಷ್ಟು. ಅದರಲ್ಲಿ ಏಳು ಲೀಟರು ನಮ್ಮದೇ ರಕ್ತದಿಂದ ಕಡ ತಂದದ್ದು ಎಂಬುದನ್ನು ಗಮನಿಸಬೇಕು. ಈ ಕಡ ಅದೇ ದಿನ ತೀರಬೇಕು. ತೀರದಿದ್ದರೆ ಏನಾಗುತ್ತದೆ ಎಂಬುದೇ ವಾಂತಿ-ಭೇದಿಯ ಕಥೆ.

೭. ಲೆಕ್ಕ ತಪ್ಪಿದಾಗ

ಕಾಲರಾ ರೋಗದಲ್ಲಿ ಕರುಳಿನ ಗೋಡೆ ನೀರನ್ನು ಹೀರುವುದಕ್ಕೆ ಬದಲಾಗಿ ಸುರಿಸತೊಡಗುತ್ತದೆ. ತೀವ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೂ ನಷ್ಟವಾಗಬಹುದು. ಇದಕ್ಕೆ ಕಾಲರಾ ಬ್ಯಾಕ್ಟೀರಿಯ ಬಿಡುವ ಒಂದು ವಿಷವೇ ಕಾರಣವೆಂದು ೧೯೫೯ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. ಬೇರೆ ಬಗೆಯ ಭೇದಿಯಲ್ಲೂ ಮನುಷ್ಯನನ್ನು ಕೊಲ್ಲುವುದು ಹೆಚ್ಚಾಗಿ ನೀರು ಮತ್ತು ಲವಣಗಳ ನಷ್ಟವೇ.

ಹಾಗಾದರೆ ಬರಿಯ ನೀರು ಕುಡಿಸಿದರೆ ಸಾಲದೆ? ಸಾಲದು. ನೀರು ತಾನಾಗಿ ಗೋಡೆ ದಾಟುವುದಿಲ್ಲ, ಉಪ್ಪಿನ ಬೆನ್ನು ಹತ್ತಿ ದಾಟುತ್ತದೆ. ಉಪ್ಪು ಸಕ್ಕರೆ ಎರಡೂ ಒಟ್ಟಿಗೆ ಬಂದರೆ ಮಾತ್ರ ತೆರೆಯುವ ಬಾಗಿಲೊಂದು ಸಣ್ಣ ಕರುಳಿನಲ್ಲಿದೆ. ಕಾಲರಾದ ವಿಷ ಈ ಬಾಗಿಲನ್ನು ಕೆಡಿಸುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಉಪ್ಪು, ಸಕ್ಕರೆ ಬೆರೆತ ನೀರು ಕೊಟ್ಟರೆ ಭೇದಿ ನಡೆಯುತ್ತಿರುವಾಗಲೂ ಮೈ ನೀರನ್ನು ಹೀರಿಕೊಳ್ಳುತ್ತದೆ.

೧೯೭೧ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷೋಪಲಕ್ಷವಾಗಿ ಬಂದಾಗ ಗಡಿಯ ಬನಗಾಂವಿನ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನು ತೀರತೊಡಗಿತು. ಡಾಕ್ಟರ್ ದಿಲೀಪ ಮಹಲನಬೀಸರು ಗ್ಲೂಕೋಸು, ಉಪ್ಪು, ಅಡಿಗೆ ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು ೨೦೨೨ರಲ್ಲಿ ತೀರಿಕೊಂಡರು. ಮರುವರ್ಷ ಸರಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು. ಈಗ ಔಷಧದ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪುಡಿ ಇದರ ಸುಧಾರಿಸಿದ ರೂಪ.

ಬಳಸುವ ಕ್ರಮ ಹೀಗೆ. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಇಡೀ ಪೊಟ್ಟಣವನ್ನು ಹಾಕಬೇಕು. ಒಂದು ಲೀಟರಿನದೂ ಇದೆ, ೨೦೦ ಮಿಲಿಲೀಟರಿನದೂ ಇದೆ. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿದರೆ ಪ್ರಮಾಣ ತಪ್ಪುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಚಹದ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ವಾಂತಿಯಾದರೆ ಹತ್ತು ನಿಮಿಷ ತಡೆದು ಗುಟುಕು ಗುಟುಕಾಗಿ ಮತ್ತೆ ಕೊಡಬೇಕು. ಬಾಟಲಿಯ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಸಕ್ಕರೆ ಅತಿಯಾದರೆ ಭೇದಿ ಹೆಚ್ಚುತ್ತದೆ. ಮೂತ್ರ ನಿಂತರೆ, ಕಣ್ಣು ಗುಳಿಬಿದ್ದು ಮಂಪರು ಬಂದರೆ, ಮಲದಲ್ಲಿ ರಕ್ತ ಕಂಡರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿಯೂ ಕುಡಿಸುತ್ತಿರಬೇಕು.

೮. ದೊಡ್ಡ ಕರುಳು

ಬಲಗಡೆ ಕೆಳಹೊಟ್ಟೆಯಲ್ಲಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿಯೇ ಬೆರಳಿನಂತೆ ಜೋತಿರುವ ಅಪೆಂಡಿಕ್ಸ್ ಇದೆ. ದೊಡ್ಡ ಕರುಳು ಸುಮಾರು ಐದಡಿ ಉದ್ದ. ಬಲಗಡೆ ಮೇಲೇರಿ, ಅಡ್ಡಲಾಗಿ ಹಾದು, ಎಡಗಡೆ ಕೆಳಗಿಳಿದು ಗುದನಾಳ ಸೇರುತ್ತದೆ. ಉಳಿದ ನೀರನ್ನು ಹೀರಿ ಮಲವನ್ನು ಗಟ್ಟಿ ಮಾಡುವುದು ಇದರ ಕೆಲಸ. ಇಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳು ಮನೆ ಮಾಡಿವೆ. ನಮ್ಮಿಂದ ಜೀರ್ಣವಾಗದ ನಾರನ್ನು ಅವು ಹುಳಿಸಿ ಕರುಳಿನ ಕಣಗಳಿಗೆ ಆಹಾರ ಒದಗಿಸುತ್ತವೆ, ಕೆ ಜೀವಸತ್ವವನ್ನೂ ತಯಾರಿಸುತ್ತವೆ. ಈ ಹುಳಿಯುವಿಕೆಯಲ್ಲಿ ಹುಟ್ಟುವ ವಾಯು ಸಹಜವಾದದ್ದೇ. ನಾವು ನುಂಗಿದ ತುತ್ತಿನ ಶೇಷ ಸಾಮಾನ್ಯವಾಗಿ ಒಂದು ದಿನದಿಂದ ಮೂರು ದಿನಗಳೊಳಗೆ ಹೊರಬೀಳುತ್ತದೆ.

ಬೆಳಿಗ್ಗೆ ಜಠರಕ್ಕೆ ಬಿಸಿ ಕಾಫಿಯೋ ತಿಂಡಿಯೋ ಬಿದ್ದೊಡನೆ ದೊಡ್ಡ ಕರುಳಿಗೆ ಸೂಚನೆ ಮುಟ್ಟಿ ಅದು ಚಲಿಸತೊಡಗುತ್ತದೆ. ಆಗ ಬರುವ ಕರೆಗೆ ಓಗೊಡಬೇಕು. ಆದರೆ ಸಾಮಾನ್ಯ ಕಕ್ಕಸಿನ ಮುಂದೆ ಸಾಲು, ಅತ್ತ ಗಾಡಿಯ ವೇಳೆ! ನಮ್ಮಲ್ಲಿ ಅನೇಕರು ತಡೆದುಕೊಂಡೇ ಹೊರಡುತ್ತಾರೆ. ತಡೆದಷ್ಟೂ ಕರುಳು ನೀರು ಹೀರುತ್ತ ಹೋಗಿ ಮಲ ಕಲ್ಲಾಗುತ್ತದೆ, ಕರೆಯೂ ಮಂದವಾಗುತ್ತದೆ. ಮಲಬದ್ಧತೆ, ಮೂಲವ್ಯಾಧಿಗಳಿಗೆ ಇದೂ ಒಂದು ದಾರಿ. ಅರ್ಧ ಗಂಟೆ ಮೊದಲೇ ಎದ್ದು ಕಾಫಿ ಕುಡಿದರೆ ಸಾಲೂ ಕಿರಿದು, ಕರುಳಿಗೂ ಸಮಯ ಸಿಗುತ್ತದೆ. ಹೋಟೆಲಿನ ಮೈದಾ ತಿಂಡಿಗೆ ಬದಲಾಗಿ ಜೋಳ, ರಾಗಿ, ಕಾಳು, ಸೊಪ್ಪು, ಬಾಳೆಹಣ್ಣು, ಸಾಕಷ್ಟು ನೀರು—ಇವು ದುಬಾರಿಯಲ್ಲದ ಔಷಧಿಗಳು.

೯. ತಡಮಾಡಬಾರದ ಲಕ್ಷಣಗಳು

ಅಂಗಗಳ ಸ್ಥಾನ ತಿಳಿದವರಿಗೆ ಈ ಪಟ್ಟಿ ಅರ್ಥವಾಗುತ್ತದೆ.

ಹೊಕ್ಕುಳ ಸುತ್ತ ಆರಂಭವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದು ನಿಲ್ಲುವ ನೋವು: ಅಪೆಂಡಿಕ್ಸಿನ ಉರಿಯೂತ ಇರಬಹುದು.

ಡಾಂಬರಿನಂಥ ಕಪ್ಪು ಅಂಟು ಮಲ, ರಕ್ತದ ವಾಂತಿ: ಜಠರ ಅಥವಾ ಅದರ ಸುತ್ತಿನಲ್ಲಿ ರಕ್ತಸ್ರಾವ. (ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಲ್ಲೂ ಮಲ ಕಪ್ಪಾಗುವುದುಂಟು; ಸಂದೇಹವಿದ್ದರೆ ತೋರಿಸುವುದೇ ಲೇಸು.)

ಕಣ್ಣು ಹಳದಿಯಾಗುವುದು: ಯಕೃತ್ತು ಅಥವಾ ಪಿತ್ತದ ದಾರಿಯ ತೊಂದರೆ.

ನುಂಗಲು ದಿನೇದಿನೇ ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ಪದೇಪದೇ ರಕ್ತ: ಮೂಲವ್ಯಾಧಿಯೆಂದು ಸುಮ್ಮನಿರದೆ ಪರೀಕ್ಷೆ ಮಾಡಿಸಬೇಕು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಅನ್ನನಾಳ ಹೃದಯದ ಹಿಂಬದಿಯಲ್ಲೇ ಹಾದುಹೋಗುತ್ತದೆ. ಎರಡರ ನೋವೂ ಎದೆಯ ನಡುವೆಯೇ ತೋರುವುದರಿಂದ ಹೃದಯಾಘಾತವನ್ನು "ಗ್ಯಾಸು" ಎಂದು ತಿಳಿದು ಸೋಡ ಕುಡಿದು ಮಲಗಿದವರು ಎಷ್ಟೋ ಮಂದಿ. ಎದೆ ಹಿಂಡಿದಂತೆ ಅಥವಾ ಭಾರವಿಟ್ಟಂತೆ ಆಗಿ, ಬೆವರು, ಉಸಿರುಗಟ್ಟು, ದವಡೆಗೋ ತೋಳಿಗೋ ಹರಿಯುವ ನೋವು ಇದ್ದರೆ ಬೆಳಗಾಗಲೆಂದು ಕಾಯಬಾರದು. ೧೦೮ಕ್ಕೆ ಅಥವಾ ೧೧೨ಕ್ಕೆ ಫೋನು ಮಾಡಿ ಆಸ್ಪತ್ರೆ ಸೇರಬೇಕು. ಗ್ಯಾಸೇ ಆಗಿದ್ದರೆ ಕಳೆದುಕೊಳ್ಳುವುದು ಒಂದು ದಿನದ ಕೂಲಿ.

ಅಭ್ಯಾಸ

೧. ರಾಗಿ ಮುದ್ದೆಯ ಪಿಷ್ಟ ಹೆಚ್ಚಾಗಿ ಯಾವ ಅಂಗದಲ್ಲಿ, ಯಾವ ರಸದಿಂದ ಜೀರ್ಣವಾಗುತ್ತದೆ?
೨. ಜಠರರಸ ಜಠರವನ್ನೇ ಕರಗಿಸದಿರಲು ಕಾರಣವೇನು? ನೋವಿನ ಮಾತ್ರೆ ಅದನ್ನು ಹೇಗೆ ಕೆಡಿಸುತ್ತದೆ?
೩. ಭೇದಿಯಲ್ಲಿ ಬರಿಯ ನೀರಿಗಿಂತ ಓಆರ್‌ಎಸ್ ಏಕೆ ಮೇಲು?
೪. ನೀರಿನ ಲೆಕ್ಕದಲ್ಲಿ ದೊಡ್ಡ ಕರುಳು ತನ್ನ ೧೩೦೦ ಮಿಲಿಲೀಟರನ್ನು ಹೀರದಿದ್ದರೆ ಹೊರಹೋಗುವ ನೀರೆಷ್ಟು?
೫. ನಿಮ್ಮ ಖೋಲಿಯಲ್ಲಿ ಓಆರ್‌ಎಸ್ ಪೊಟ್ಟಣ ಇದೆಯೆ? ಹತ್ತಿರದ ಸರಕಾರಿ ಆಸ್ಪತ್ರೆ ಎಲ್ಲಿದೆ ಎಂದು ಖೋಲಿಯ ಎಲ್ಲರಿಗೂ ಗೊತ್ತೆ?

ಓದು ಬಾರದ ಜೊತೆಗಾರರಿಗೆ ಏಳನೆಯ ಮತ್ತು ಒಂಬತ್ತನೆಯ ಭಾಗಗಳನ್ನಾದರೂ ಓದಿ ಹೇಳಬೇಕೆಂದು ವಾಚಕರಲ್ಲಿ ಕೇಳಿಕೊಳ್ಳುತ್ತೇವೆ.